ಸೂಜಿಯ ನಶೆ: ಯಾವ ದೇಶದ ದಾರಿ ಏನು ಕಲಿಸುತ್ತದೆ, ನಾವು ಮೊದಲು ಯಾವುದನ್ನು ಆರಿಸಬೇಕು

ಕೆಲವು ವರ್ಷಗಳ ಹಿಂದಿನ ಮಾತು. ಮೆಡಿಕಲ್ ಶಾಪಿನಲ್ಲಿ ಅಮ್ಮನ ಬಿಪಿ ಮಾತ್ರೆಗೆ ಕಾಯುತ್ತಾ ನಿಂತಿದ್ದೆ. ಇಪ್ಪತ್ತು, ಇಪ್ಪತ್ತೆರಡರ ಹುಡುಗನೊಬ್ಬ ಬಂದು ಇನ್ಸುಲಿನ್ ಸಿರಿಂಜ್ ಎರಡು ಕೊಡಿ ಅಂದ. ಏಪ್ರಿಲ್ ಬಿಸಿಲಿನಲ್ಲೂ ತುಂಬು ತೋಳಿನ ಶರ್ಟು, ಮಣಿಕಟ್ಟಿನ ಗುಂಡಿ ಹಾಕಿದ್ದ. ಅಂಗಡಿಯವರು ಅವನ ಮುಖ ನೋಡಿ, ಡಾಕ್ಟರ ಚೀಟಿ ಎಲ್ಲಿ ಅಂದರು. ಚೀಟಿ ಇರಲಿಲ್ಲ. ಗದರಿಸಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ತಲೆ ಆಡಿಸಿದರು. ನಾನೂ ಆಡಿಸಿದೆ. ಒಳ್ಳೇದೇ ಮಾಡಿದರು ಅಂತ ಅನ್ನಿಸಿತ್ತು.

ಈಗ ಹಾಗೆ ಅನ್ನಿಸುವುದಿಲ್ಲ. ಆ ಹುಡುಗ ಸಿರಿಂಜ್ ಇಲ್ಲದೆ ಹೋದ, ಅಷ್ಟೇ. ನಶೆಯ ಹಸಿವು ಅವನ ಜೊತೆಗೇ ಹೋಯಿತು. ಅವತ್ತು ಸಂಜೆ ಅವನು ಬೇರೆ ಯಾರದೋ ಸಿರಿಂಜ್ ಬಳಸಿರಬಹುದು. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಹರಡುವುದು ಹೀಗೇ. ಚುಚ್ಚಿ ತೆಗೆದ ಸೂಜಿಯೊಳಗೆ, ಸಿರಿಂಜಿನ ತುದಿಯಲ್ಲಿ, ಕಣ್ಣಿಗೆ ಕಾಣದಷ್ಟು ರಕ್ತ ಉಳಿಯುತ್ತದೆ. ಮುಂದಿನವನಿಗೆ ಅಷ್ಟು ಸಾಕು. ಹೆಪಟೈಟಿಸ್ ಸಿ ಅಂತೂ ಹಂಚಿಕೊಂಡ ಚಮಚ, ಹತ್ತಿ, ನೀರಿನಿಂದಲೂ ದಾಟುತ್ತದೆ.

ನಶೆ ಇವತ್ತೇ ಬಿಡಿಸಲು ಆಗದಿದ್ದರೆ, ಬಿಡುವ ದಿನ ಬರುವ ತನಕ ಆ ಮನುಷ್ಯ ಬದುಕಿರಬೇಕು. ರೋಗ ಅಂಟಿಸಿಕೊಳ್ಳದೆ ಇರಬೇಕು. ಇದನ್ನೇ ಹಾನಿ ತಗ್ಗಿಸುವ ನೀತಿ ಅನ್ನುತ್ತಾರೆ. ಒಂದೊಂದು ದೇಶ ಇದನ್ನು ಒಂದೊಂದು ರೀತಿ ಮಾಡಿದೆ. ಪೋರ್ಚುಗಲ್ ಮಾದರಿ, ಸ್ವಿಸ್ ಮಾದರಿ ಅಂತ ಹೆಸರು ಹೇಳಿ ವಾದ ಮಾಡುವವರು ಜಾಸ್ತಿ. ಒಂದೊಂದರಲ್ಲೂ ನಿಜವಾಗಿ ಕೆಲಸ ಮಾಡಿದ್ದು ಏನು ಅಂತ ಬಿಡಿಸಿ ನೋಡುವವರು ಕಡಿಮೆ. ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ, ಆರೋಗ್ಯ ಇಲಾಖೆಯಲ್ಲಿ ಇರುವವರಿಗೆ, ಮನೆಯಲ್ಲೇ ಈ ಕಷ್ಟ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಸೂಜಿ ಕೊಡುವುದೋ, ಬೇಡವೋ

ಇದಕ್ಕೆ ಉತ್ತರ ಬೇಕಿದ್ದರೆ ಸ್ಕಾಟ್ಲೆಂಡಿನ ಎರಡು ಊರು ನೋಡಿ. ಎಡಿನ್‌ಬರೋ ಮತ್ತು ಗ್ಲಾಸ್ಗೋ. ನಡುವೆ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ. 1980ರ ದಶಕದ ಶುರುವಿನಲ್ಲಿ ಎರಡೂ ಕಡೆ ಅಗ್ಗದ ಹೆರಾಯಿನ್ ಬಂತು. ಎಡಿನ್‌ಬರೋದಲ್ಲಿ ಪೊಲೀಸರು ಸಿರಿಂಜ್ ಸಿಕ್ಕರೆ ಕಿತ್ತುಕೊಳ್ಳುತ್ತಿದ್ದರು. ಸಿರಿಂಜ್ ಮಾರುತ್ತಿದ್ದ ಅಂಗಡಿಯೂ ಮಾರಾಟ ನಿಲ್ಲಿಸಿತು. ಸೂಜಿ ಸಿಗದೇ ಹೋದಾಗ ಒಂದೇ ಸಿರಿಂಜನ್ನು ಹತ್ತಾರು ಜನ ಬಳಸಿದರು. ಅಲ್ಲಿನ ಡಾ. ರಾಯ್ ರಾಬರ್ಟ್‌ಸನ್ ಮತ್ತು ಸಂಗಡಿಗರು ಬಡಾವಣೆಯೊಂದರ ರೋಗಿಗಳ ರಕ್ತ ಪರೀಕ್ಷೆ ಮಾಡಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನರಿಗೆ ಎಚ್‌ಐವಿ ಇತ್ತು. ಗ್ಲಾಸ್ಗೋದಲ್ಲಿ ಹೆರಾಯಿನ್ ಬಳಕೆ ಕಡಿಮೆಯೇನೂ ಇರಲಿಲ್ಲ, ಎಚ್‌ಐವಿ ಮಾತ್ರ ಅದರ ಹತ್ತಿರಕ್ಕೂ ಹೋಗಲಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಸೂಜಿ ಸಿಗುತ್ತಿತ್ತೋ ಇಲ್ಲವೋ ಅನ್ನುವುದು ದೊಡ್ಡ ಕಾರಣ ಅಂತಲೇ ಅಲ್ಲಿನವರು ತೀರ್ಮಾನಿಸಿದರು.

ಇದನ್ನು ಓದಿದಾಗ ನನಗೆ ಆ ಮೆಡಿಕಲ್ ಶಾಪು ನೆನಪಾಯಿತು. ಎಡಿನ್‌ಬರೋದ ಅಂಗಡಿಯವರಿಗೂ ಕೆಟ್ಟ ಉದ್ದೇಶ ಇರಲಿಲ್ಲ ಅಲ್ವಾ?

ಆಮ್‌ಸ್ಟರ್‌ಡ್ಯಾಂನಲ್ಲೂ ಶುರುವಾದದ್ದು ಔಷಧಿ ಅಂಗಡಿಯಿಂದಲೇ. ಅಲ್ಲೊಬ್ಬರು ಸಿರಿಂಜ್ ಕೊಡುವುದನ್ನು ನಿಲ್ಲಿಸಿದಾಗ, ಹೆಪಟೈಟಿಸ್ ಬಿ ಹೆದರಿಕೆಯಿಂದ, ನಶೆ ಬಳಸುವವರೇ ಕಟ್ಟಿಕೊಂಡಿದ್ದ ಸಂಘ 1984ರಲ್ಲಿ ಹಳೇ ಸೂಜಿ ತೆಗೆದುಕೊಂಡು ಹೊಸದು ಕೊಡುವ ಕೆಲಸ ಶುರು ಮಾಡಿತು. ನಗರದ ಆರೋಗ್ಯ ಇಲಾಖೆ ಜೊತೆಗೆ ನಿಂತಿತು. 1986ರಲ್ಲಿ ಸಿಡ್ನಿಯ ಡಾರ್ಲಿಂಗ್‌ಹರ್ಸ್ಟ್‌ನಲ್ಲಿ ಡಾ. ಅಲೆಕ್ಸ್ ವೋಡಾಕ್ ಮತ್ತು ಅವರ ಸಂಗಡಿಗರು ಕಾನೂನಿನ ಒಪ್ಪಿಗೆಗೂ ಕಾಯದೆ ಇದನ್ನು ಆರಂಭಿಸಿದರು. ಆಸ್ಟ್ರೇಲಿಯಾದಲ್ಲಿ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಇವತ್ತಿಗೂ ನೂರಕ್ಕೆ ಒಬ್ಬರು, ಇಬ್ಬರಲ್ಲಿ ಮಾತ್ರ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ 1987ರಲ್ಲಿ ಸೂಜಿ ಬದಲಿಸುವ ಪ್ರಯೋಗಕ್ಕೆ ದುಡ್ಡು ಕೊಟ್ಟಿತು. ಥ್ಯಾಚರ್ ನಶೆಯ ವಿಷಯದಲ್ಲಿ ಮೆತ್ತಗಿದ್ದರು ಅಂತ ಯಾರೂ ಹೇಳಲಾರರು. ಇದು ಎಡ, ಬಲ ಅನ್ನುವ ಪಕ್ಷದ ವಿಷಯ ಆಗಬೇಕಿಲ್ಲ.

ಅಮೆರಿಕ ಇದಕ್ಕೆ ಪಕ್ಷದ ಬಣ್ಣ ಬಳಿದುಕೊಂಡು ನೋವು ತಿಂದಿತು. ಕೇಂದ್ರ ಸರ್ಕಾರದ ದುಡ್ಡನ್ನು ಸೂಜಿ ಹಂಚಲು ಬಳಸಕೂಡದು ಅಂತ 1988ರಲ್ಲಿ ನಿಷೇಧ ಬಂತು. 2015ರಲ್ಲಿ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯಲ್ಲಿ, ನಾಲ್ಕೈದು ಸಾವಿರ ಜನರ ಆಸ್ಟಿನ್ ಅನ್ನುವ ಪುಟ್ಟ ಊರಿನಲ್ಲಿ, ನೋವಿನ ಮಾತ್ರೆ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಸ್ಫೋಟವಾಯಿತು. ಸೋಂಕು ಇನ್ನೂರು ದಾಟಿತು. ಆಗ ಗವರ್ನರ್ ಆಗಿದ್ದ ಮೈಕ್ ಪೆನ್ಸ್ ಸೂಜಿ ವಿನಿಮಯಕ್ಕೆ ವಿರುದ್ಧ ಇದ್ದವರು. ಬೇರೆ ದಾರಿ ಕಾಣದೆ ಒಪ್ಪಿದರು. ಸೋಂಕು ಇಳಿಯಿತು. 2021ರಲ್ಲಿ ಸ್ಥಳೀಯ ಆಡಳಿತ ಅದೇ ಕೇಂದ್ರವನ್ನು ಮುಚ್ಚಲು ಮತ ಹಾಕಿತು. ಇದನ್ನು ಓದಿ ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ.

ಎಷ್ಟು ಸೂಜಿ ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ಕ್ಕೆ ಇಟ್ಟಿದ್ದ ಗುರಿ ಒಬ್ಬರಿಗೆ ವರ್ಷಕ್ಕೆ 200, 2030ಕ್ಕೆ 300. ದಿನಕ್ಕೆ ಎರಡು ಮೂರು ಸಲ ಚುಚ್ಚಿಕೊಳ್ಳುವವರಿಗೆ ಇದೂ ಕಡಿಮೆಯೇ. ಯಾವುದಾದರೂ ಯೋಜನೆ ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಿದ್ದರೆ ಎಷ್ಟು ಕೇಂದ್ರ ಇವೆ ಅಂತ ಕೇಳಬೇಡಿ. ತಲಾ ಎಷ್ಟು ಸೂಜಿ ಹೋಗುತ್ತಿದೆ ಅಂತ ಕೇಳಿ.

ಬದಲಿ ಔಷಧಿ

ಹೆರಾಯಿನ್ ಬದಲಿಗೆ ಮೆಥಡೋನ್ ಸಿರಪ್ ಅಥವಾ ನಾಲಿಗೆ ಅಡಿಯಲ್ಲಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುವುದು ಎರಡನೇ ದಾರಿ. ನಮ್ಮಲ್ಲಿ ಇದಕ್ಕೆ ಓಎಸ್‌ಟಿ ಅಂತಲೇ ಹೆಸರು. "ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸೋದಲ್ವಾ ಇದು?" ಅಂತ ಕೇಳುವವರಿದ್ದಾರೆ. ಆ ಪ್ರಶ್ನೆ ತಪ್ಪಲ್ಲ. ಆದರೆ ಓಎಸ್‌ಟಿ ಕೇಂದ್ರದ ಬೆಳಗಿನ ಹೊತ್ತು ಹೇಗಿರುತ್ತದೆ ನೋಡಿ. ಬಂದವರು ಹೆಸರು ಹೇಳುತ್ತಾರೆ. ನರ್ಸ್ ಮಾತ್ರೆಯನ್ನು ಪುಡಿ ಮಾಡಿ ನಾಲಿಗೆ ಅಡಿಯಲ್ಲಿ ಹಾಕುತ್ತಾರೆ. ಬೆಂಚಿನ ಮೇಲೆ ಮಾತಾಡದೆ ಕೂರಬೇಕು, ಉಗುಳು ನುಂಗಬಾರದು. ಕರಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಸಹಿ ಹಾಕಿ ಎದ್ದು ಹೋಗುತ್ತಾರೆ. ಆಟೋ ಓಡಿಸುವವರು ಆಟೋಗೆ, ಗಾರೆ ಕೆಲಸದವರು ಕೆಲಸಕ್ಕೆ. ಆ ದಿನ ಅವರಿಗೆ ಮೈ ನಡುಗುವುದಿಲ್ಲ, ಹೊಟ್ಟೆ ಹಿಂಡುವುದಿಲ್ಲ, ಮೂಗು ಸೋರುವುದಿಲ್ಲ. ಸಂಜೆ ದುಡ್ಡಿಗಾಗಿ ಅಲೆಯಬೇಕಿಲ್ಲ. ಸೂಜಿಯ ಅಗತ್ಯವೇ ಕಡಿಮೆ ಆಗುತ್ತದೆ. ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇದು ಇಲ್ಲದ ದೇಶ ನೋಡಬೇಕಿದ್ದರೆ ರಷ್ಯಾ. ಅಲ್ಲಿ ಚಿಕಿತ್ಸೆಗೆ ಕೂಡ ಮೆಥಡೋನ್ ಕೊಡುವುದು ಕಾನೂನುಬಾಹಿರ. ಪಕ್ಕದ ಉಕ್ರೇನ್ 2004ರಿಂದ ಬ್ಯುಪ್ರೆನಾರ್ಫಿನ್, ಆಮೇಲೆ ಮೆಥಡೋನ್ ಕೊಡತೊಡಗಿತು. 2014ರಲ್ಲಿ ಕ್ರಿಮಿಯಾ ರಷ್ಯಾದ ಕೈಗೆ ಹೋದಾಗ ಅಲ್ಲಿ ಸುಮಾರು 800 ಜನ ಈ ಚಿಕಿತ್ಸೆಯಲ್ಲಿದ್ದರು. ಕೆಲವೇ ವಾರಗಳಲ್ಲಿ ಔಷಧಿ ನಿಂತಿತು. ಕೆಲವರು ಉಕ್ರೇನಿನ ಬೇರೆ ಊರುಗಳಿಗೆ ಓಡಿದರು. ಉಳಿದವರಲ್ಲಿ ಹಲವರು ಸತ್ತರು. ಕಾಯಿಲೆ ಅದೇ, ಜನರೂ ಅವರೇ. ಬದಲಾಗಿದ್ದು ಕಾನೂನು ಮಾತ್ರ.

ಇರಾನ್ ಇದಕ್ಕೆ ತದ್ವಿರುದ್ಧ ಉದಾಹರಣೆ. ಮಾದಕ ವಸ್ತು ಸಾಗಿಸಿದರೆ ನೇಣಿಗೆ ಹಾಕುವ ದೇಶ ಅದು. ಜೈಲಿನಲ್ಲಿ ಎಚ್‌ಐವಿ ಹರಡುವುದು ಕಂಡಾಗ ಅದೇ ದೇಶ ಜೈಲೊಳಗೆ ಮೆಥಡೋನ್ ತಂದಿತು. 2005ರಲ್ಲಿ ನ್ಯಾಯಾಂಗದ ಮುಖ್ಯಸ್ಥರೇ ಈ ಕೆಲಸಕ್ಕೆ ಅಡ್ಡಿ ಮಾಡಬೇಡಿ ಅಂತ ಆದೇಶ ಹೊರಡಿಸಿದರು. ಮಲೇಷ್ಯಾ ಕೂಡ ಅದೇ ಹೊತ್ತಿಗೆ, 2005, 2006ರಲ್ಲಿ, ಮೆಥಡೋನ್ ಮತ್ತು ಸೂಜಿ ಎರಡನ್ನೂ ಶುರು ಮಾಡಿತು. "ನಮ್ಮ ಸಂಸ್ಕೃತಿಗೆ ಇದು ಒಗ್ಗಲ್ಲ" ಅನ್ನುವವರಿಗೆ ನಾನು ಹೇಳುವುದು ಈ ಎರಡು ದೇಶಗಳ ಕಥೆಯನ್ನೇ.

ಬರೀ ಕೂಡಿಹಾಕಿ ಬಿಡಿಸುವುದರ ಬಗ್ಗೆಯೂ ಒಂದು ಮಾತು. ಮೂರು ತಿಂಗಳು ಡಿ-ಅಡಿಕ್ಷನ್ ಸೆಂಟರಿನಲ್ಲೋ ಜೈಲಿನಲ್ಲೋ ಇದ್ದು ಬಂದವರ ಮೈಗೆ ಹಳೇ ಡೋಸ್ ತಡೆಯುವ ಶಕ್ತಿ ಹೋಗಿರುತ್ತದೆ. ಹೊರಗೆ ಬಂದು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಬಿಡುಗಡೆಯಾದ ಮೊದಲ ಕೆಲವು ವಾರಗಳೇ ಅತಿ ಅಪಾಯದ ಸಮಯ. ಮನೆಯವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಸೆಂಟರ್‌ಗೆ ಸೇರಿಸುವ ಮೊದಲೇ "ಹೊರಗೆ ಬಂದ ಮೇಲೆ ಯಾವ ಔಷಧಿ ಕೊಡುತ್ತೀರಿ?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಬೇರೆ ಕಡೆ ನೋಡಿ.

ಕಣ್ಣೆದುರೇ ಚುಚ್ಚಿಕೊಳ್ಳುವ ಕೋಣೆ, ಸರ್ಕಾರವೇ ಕೊಡುವ ಹೆರಾಯಿನ್

ಸುದ್ದಿಯಲ್ಲಿ ಜಾಸ್ತಿ ಬರುವುದು ಇವೆರಡೇ. ಎರಡರಲ್ಲೂ ಸ್ವಿಟ್ಜರ್ಲೆಂಡ್ ಮುಂದೆ.

ಜ್ಯೂರಿಕ್ ರೈಲು ನಿಲ್ದಾಣದ ಹಿಂದೆ, ನ್ಯಾಷನಲ್ ಮ್ಯೂಸಿಯಂ ಪಕ್ಕ, ಪ್ಲಾಟ್ಸ್‌ಪಿಟ್ಜ್ ಅನ್ನುವ ಉದ್ಯಾನ ಇದೆ. 1980ರ ದಶಕದ ಕೊನೆಯಲ್ಲಿ ಪೊಲೀಸರು ಅಲ್ಲಿ ಕಣ್ಣು ಮುಚ್ಚಿಕೊಂಡರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಅಲ್ಲೇ ಕೊಂಡು, ಅಲ್ಲೇ ಚುಚ್ಚಿಕೊಂಡು, ಅಲ್ಲೇ ಬಿದ್ದಿರುತ್ತಿದ್ದರು. 1992ರಲ್ಲಿ ಪಾರ್ಕಿಗೆ ಬೀಗ ಹಾಕಿದರು. ಜನ ಹತ್ತಿರದ ಲೆಟ್ಟನ್ ಅನ್ನುವ ಹಳೇ ರೈಲು ನಿಲ್ದಾಣಕ್ಕೆ ಹೋದರು. ಅದನ್ನೂ 1995ರಲ್ಲಿ ಮುಚ್ಚಿದರು. ಎರಡನೇ ಸಲ ಮುಚ್ಚುವಾಗ ಹೋಗಲು ಬೇರೆ ಜಾಗ ತಯಾರಿತ್ತು. ಮೆಥಡೋನ್ ಸುಲಭವಾಗಿ ಸಿಗುತ್ತಿತ್ತು. ಬೇರೆ ಯಾವ ಚಿಕಿತ್ಸೆಯೂ ಹಿಡಿಯದವರಿಗೆ 1994ರಿಂದ ಕ್ಲಿನಿಕ್ಕಿನಲ್ಲೇ, ನರ್ಸ್ ಎದುರು, ಶುದ್ಧ ಹೆರಾಯಿನ್ ಕೊಡುವ ಪ್ರಯೋಗ ನಡೆದಿತ್ತು. ಒಂದೇ ತರಹ ಬೀಗ ಹಾಕಿದರೂ ಫಲಿತಾಂಶ ಬೇರೆ ಬಂದದ್ದು ಇದರಿಂದ.

ಬರೀ ದಯೆಯಿಂದ ಆದದ್ದಲ್ಲ ಇದು. ಪೊಲೀಸ್ ಕ್ರಮ, ತಡೆಗಟ್ಟುವಿಕೆ, ಚಿಕಿತ್ಸೆ, ಹಾನಿ ತಗ್ಗಿಸುವುದು ಅಂತ ನಾಲ್ಕನ್ನೂ ಸೇರಿಸಿ ಸ್ವಿಸ್ಸರು ನಾಲ್ಕು ಕಂಬ ಅಂದರು. ಗೃಹ ಖಾತೆಯ ಸಚಿವೆಯಾಗಿದ್ದ ರುಥ್ ಡ್ರೈಫುಸ್ ಇದರ ಬೆನ್ನಿಗೆ ನಿಂತರು. 2008ರಲ್ಲಿ ಜನಮತ ಕೇಳಿದಾಗ ನೂರಕ್ಕೆ 68 ಮಂದಿ ಹೆರಾಯಿನ್ ಚಿಕಿತ್ಸೆ ಮುಂದುವರಿಯಲಿ ಅಂದರು. ಸ್ವಿಸ್ ಜನ ಸಂಪ್ರದಾಯಸ್ಥರು. ಆದರೆ ಪಾರ್ಕಿನಲ್ಲಿ ಏನಾಗಿತ್ತು ಅಂತ ಅವರು ಕಣ್ಣಾರೆ ನೋಡಿದ್ದರು. ಆ ಚಿಕಿತ್ಸೆ ಪಡೆಯುವವರು ಇವತ್ತಿಗೂ ಸಣ್ಣ ಪಾಲು. ಹೆಚ್ಚಿನವರಿಗೆ ಮೆಥಡೋನ್‌ನಂಥ ಔಷಧಿಯೇ ಸಾಕಾಗುತ್ತದೆ.

ಚುಚ್ಚಿಕೊಳ್ಳುವ ಕೋಣೆ ಅಂದರೆ ಹೆರಾಯಿನ್ ತಮ್ಮದೇ, ಜಾಗ ಮತ್ತು ಕಾವಲು ಕೋಣೆ ನಡೆಸುವವರದು. ಮೊದಲನೆಯದು ಬರ್ನ್ ನಗರದಲ್ಲಿ 1986ರಲ್ಲಿ ತೆರೆಯಿತು. ಸಿಡ್ನಿಯ ಕಿಂಗ್ಸ್ ಕ್ರಾಸ್‌ನಲ್ಲಿ 2001, ಕೆನಡಾದ ವ್ಯಾಂಕೂವರ್‌ನಲ್ಲಿ 2003, ಗ್ಲಾಸ್ಗೋದಲ್ಲಿ 2025. ವ್ಯಾಂಕೂವರ್‌ನ ಇನ್‌ಸೈಟ್ ಕೇಂದ್ರವನ್ನು ಮುಚ್ಚಲು ಹೊರಟ ಕೇಂದ್ರ ಸರ್ಕಾರವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲಿ ಒಮ್ಮತದಿಂದ ತಡೆಯಿತು. ಅಂಥ ಕೋಣೆಯೊಳಗೆ ಉಸಿರು ನಿಂತರೆ ನರ್ಸ್ ಕೈಯಳತೆಯಲ್ಲಿ ಇರುತ್ತಾರೆ. ಹೀಗೆ ಸಾವಿರಾರು ಓವರ್‌ಡೋಸ್ ಅಲ್ಲಿ ಸಾವಾಗದೆ ಮುಗಿದಿವೆ.

ಆದರೂ ಹೆರಾಯಿನ್‌ಗಿಂತ ಎಷ್ಟೋ ಪಟ್ಟು ಪ್ರಬಲವಾದ ಫೆಂಟನಿಲ್ ಬಂದ ಮೇಲೆ 2016ರಲ್ಲಿ ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಹನ್ನೆರಡೋ ಹದಿಮೂರೋ ಸೀಟಿನ ಕೋಣೆ ಒಂದು ಬೀದಿಯನ್ನು ಕಾಯಬಲ್ಲದು. ಪ್ರಾಂತ್ಯದ ತುಂಬ ಹರಿದ ವಿಷವನ್ನು ತಡೆಯಲಾರದು. ಇದನ್ನು ತೋರಿಸಿ ಕೋಣೆ ಸೋತಿತು ಅನ್ನುವುದು ಸರಿಯಲ್ಲ. ಕೋಣೆ ಒಂದೇ ಸಾಕು ಅಂದುಕೊಳ್ಳುವುದೂ ಸರಿಯಲ್ಲ. ಒಂದೇ ಬೀದಿಯಲ್ಲಿ ನೂರಾರು ಜನ ಬಯಲಲ್ಲಿ ಚುಚ್ಚಿಕೊಳ್ಳುವ ಊರಿಗೆ ಇದು ಬೇಕು. ಮನೆ, ಪಿಜಿ, ರೈಲ್ವೆ ಹಳಿ ಅಂತ ಚದುರಿ ಹೋಗಿರುವ ಕಡೆ ಇದರ ದುಡ್ಡಿನಲ್ಲಿ ಬೇರೆ ಎಷ್ಟೋ ಮಾಡಬಹುದು.

ನಲಾಕ್ಸೋನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ವಾದಕ್ಕೆ ಜಾಗವೇ ಇಲ್ಲ. ಹೆರಾಯಿನ್‌ನಂಥ ಡ್ರಗ್ ಜಾಸ್ತಿಯಾಗಿ ಉಸಿರು ನಿಂತವರನ್ನು ಕೆಲವೇ ನಿಮಿಷದಲ್ಲಿ ಎಬ್ಬಿಸುವ ಔಷಧಿ ಇದು. ಅಮೆರಿಕ 2023ರಲ್ಲಿ ಇದರ ಮೂಗಿನ ಸ್ಪ್ರೇಯನ್ನು ಚೀಟಿ ಇಲ್ಲದೆ ಮಾರಲು ಒಪ್ಪಿತು. ಓವರ್‌ಡೋಸ್ ಆದಾಗ ಪಕ್ಕದಲ್ಲಿ ಇರುವುದು ಗೆಳೆಯ ಅಥವಾ ತಾಯಿ, ಡಾಕ್ಟರ್ ಅಲ್ಲ. ಅವರ ಕೈಗೇ ಇದು ಸಿಗಬೇಕು.

ಕಾನೂನು ಬದಲಿಸಿದರೆ ಸಾಕಾ?

ಪೋರ್ಚುಗಲ್ 2001ರ ಜುಲೈ 1ರಿಂದ ಸ್ವಂತ ಬಳಕೆಗೆ ಇಟ್ಟುಕೊಂಡ ಮಾದಕ ವಸ್ತುವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಹತ್ತು ದಿನದ ಬಳಕೆಯಷ್ಟು ಇದ್ದರೆ ಜೈಲಿಲ್ಲ. ಹೆರಾಯಿನ್ ಆದರೆ ಒಂದು ಗ್ರಾಂ. ಪೊಲೀಸರು ವಸ್ತು ಕಿತ್ತುಕೊಂಡು, ಕಾನೂನು, ಆರೋಗ್ಯ, ಸಮಾಜಸೇವೆ ಗೊತ್ತಿರುವ ಮೂವರ ಸಮಿತಿಯ ಮುಂದೆ ಕಳಿಸುತ್ತಾರೆ. ಸಮಿತಿಯವರು ಕೂರಿಸಿ ಮಾತಾಡುತ್ತಾರೆ, ಬೇಕಿದ್ದವರನ್ನು ಚಿಕಿತ್ಸೆಗೆ ಕಳಿಸುತ್ತಾರೆ. ಆಗ ವರ್ಷಕ್ಕೆ ಸಾವಿರದ ಲೆಕ್ಕದಲ್ಲಿದ್ದ ಚುಚ್ಚಿಕೊಳ್ಳುವವರ ಹೊಸ ಎಚ್‌ಐವಿ ಪ್ರಕರಣಗಳು ಈಚಿನ ವರ್ಷಗಳಲ್ಲಿ ಕೆಲವೇ ಹತ್ತಕ್ಕೆ ಇಳಿದಿವೆ.

ಇದು ಕಾನೂನಿನ ಮಹಿಮೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಪೋರ್ಚುಗಲ್‌ನ ಔಷಧಿ ಅಂಗಡಿಗಳು 1993ರಲ್ಲೇ ಹಳೇ ಸಿರಿಂಜ್ ತೆಗೆದುಕೊಂಡು ಹೊಸದು ಕೊಡಲು ಶುರು ಮಾಡಿದ್ದವು. ಮೆಥಡೋನ್ ವ್ಯಾನುಗಳು ಬೀದಿಗೆ ಬಂದವು. ಡಾ. ಜುವಾಂವ್ ಗುಲಾಂವ್‌ರಂಥವರು ದಶಕಗಳ ಕಾಲ ಚಿಕಿತ್ಸಾ ಕೇಂದ್ರಗಳನ್ನು ಕಟ್ಟಿದರು. ಕಾನೂನು ಬಾಗಿಲು ತೆಗೆಯಿತು, ಬಾಗಿಲಿನ ಆಚೆ ಮನೆ ಮೊದಲೇ ಎದ್ದಿತ್ತು.

ಅಮೆರಿಕದ ಒರೆಗಾನ್ ಬಾಗಿಲು ಮಾತ್ರ ತೆಗೆಯಿತು. ಅಲ್ಲಿನ ಜನ 2020ರಲ್ಲಿ ಮತ ಹಾಕಿ ಸ್ವಂತ ಬಳಕೆಗೆ ಜೈಲು ಬೇಡ ಅಂದರು. ಸಿಕ್ಕಿಬಿದ್ದರೆ 100 ಡಾಲರ್ ದಂಡ, ಸಹಾಯವಾಣಿಗೆ ಫೋನ್ ಮಾಡಿದರೆ ಅದೂ ಮಾಫಿ. ಫೋನ್ ಮಾಡಿದವರು ತೀರಾ ಕಡಿಮೆ. ಚಿಕಿತ್ಸೆಯ ದುಡ್ಡು ಬರುವುದು ತಡವಾಯಿತು. ಅಷ್ಟರಲ್ಲಿ ಫೆಂಟನಿಲ್ ಬಂತು. 2024ರಲ್ಲಿ ಮತ್ತೆ ಅಪರಾಧ ಅಂತ ಮಾಡಿದರು.

ನಮ್ಮಲ್ಲಿ ಏನಿದೆ

ಭಾರತದಲ್ಲಿ ಈ ಕಥೆ ಮಣಿಪುರದಿಂದ ಶುರು. ಮ್ಯಾನ್ಮಾರ್ ಗಡಿ ದಾಟಿ ಬರುವ ಹೆರಾಯಿನ್‌ಗೆ ಅಲ್ಲಿ "ನಂಬರ್ ಫೋರ್" ಅನ್ನುತ್ತಾರೆ. 1989, 1990ರಲ್ಲಿ ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಕಾಣಿಸಿಕೊಂಡು ಸ್ವಲ್ಪ ಕಾಲದಲ್ಲೇ ಅರ್ಧದಷ್ಟು ಜನಕ್ಕೆ ಹರಡಿತು. ಎಡಿನ್‌ಬರೋದ ಕಥೆಯೇ. ಮಣಿಪುರ 1996ರಲ್ಲೇ ಹಾನಿ ತಗ್ಗಿಸುವುದನ್ನು ತನ್ನ ಏಡ್ಸ್ ನೀತಿಯಲ್ಲಿ ಬರೆದುಕೊಂಡಿತು. ಮಾದರಿ ಹುಡುಕಿಕೊಂಡು ಯುರೋಪಿಗೆ ಹೋಗುವ ಮೊದಲು ನಾವು ಇಂಫಾಲ್‌ಗೆ ಹೋಗಬೇಕು. ಈಗ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಮೂಲಕ ದೇಶದ ಹಲವು ಕಡೆ ಸೂಜಿ ಮತ್ತು ಓಎಸ್‌ಟಿ ಎರಡೂ ಉಚಿತವಾಗಿ ಸಿಗುತ್ತವೆ.

2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಬೆಂಗಳೂರೂ ಹೊರತಲ್ಲ. ಟ್ಯಾಪೆಂಟಡಾಲ್ ಅನ್ನುವ ನೋವಿನ ಮಾತ್ರೆ ಚುಚ್ಚಿಕೊಂಡು ಬಂದ ಯುವಕರ ಬಗ್ಗೆ ನಿಮ್ಹಾನ್ಸ್ ವೈದ್ಯರು ಬರೆದಿದ್ದಾರೆ. ಮಾತ್ರೆಯನ್ನು ನುಂಗಲು ಮಾಡಿರುತ್ತಾರೆ. ಅದರಲ್ಲಿನ ಪುಡಿ ರಕ್ತದಲ್ಲಿ ಕರಗದೆ ರಕ್ತನಾಳದಲ್ಲಿ ಸಿಕ್ಕಿಕೊಂಡು ಕೀವುಗಟ್ಟಬಹುದು.

ಕಾನೂನಿನ ಕಡೆ ನಮ್ಮದು ಎರಡು ಮನಸ್ಸು. 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಹೆರಾಯಿನ್ ಬಳಸಿದರೆ ಒಂದು ವರ್ಷದ ತನಕ ಜೈಲು. ಅದೇ ಕಾಯ್ದೆಯ 64ಎ ಕಲಂ, ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ಕೊಡುತ್ತದೆ. 2017ರ ಎಚ್‌ಐವಿ ಕಾಯ್ದೆಯ 22ನೇ ಕಲಂ, ಸೋಂಕಿನ ಅಪಾಯ ತಗ್ಗಿಸಲು ಶುದ್ಧ ಸೂಜಿ ಕೊಡುವುದು ಅಪರಾಧವಲ್ಲ ಅನ್ನುತ್ತದೆ. ಸೂಜಿ ಹಂಚುವ ಕಾರ್ಯಕರ್ತರನ್ನು ಯಾರಾದರೂ ತಡೆದರೆ ತೋರಿಸಬೇಕಾದದ್ದು ಈ ಕಲಂ.

ಹಾಗಾದರೆ ನಮ್ಮ ಊರಿಗೆ ಯಾವುದು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸ್ವಿಸ್ ಕ್ಲಿನಿಕ್, ವ್ಯಾಂಕೂವರ್ ಕೋಣೆ ಇವುಗಳಿಗೆ ಕಾಯುವುದು ಬೇಡ. ಮೊದಲು ಸೂಜಿ, ಓಎಸ್‌ಟಿ, ನಲಾಕ್ಸೋನ್. ಸೂಜಿಗೂ ಓಎಸ್‌ಟಿಗೂ ಕಾನೂನು ಬದಲಾಗಬೇಕಿಲ್ಲ. ಓಎಸ್‌ಟಿಯಲ್ಲಿ ಸರಿಪಡಿಸಬೇಕಾದದ್ದು ಸಮಯ. ದಿನಗೂಲಿ ಮಾಡುವವರು ಬೆಳಿಗ್ಗೆ ಹತ್ತಕ್ಕೆ ಕೇಂದ್ರದ ಬೆಂಚಿನ ಮೇಲೆ ಕೂತರೆ ಆ ದಿನದ ಕೂಲಿ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ ಕೆಲವು ದಿನಗಳ ಮಾತ್ರೆ ಮನೆಗೆ ಕೊಡಲು ಒಪ್ಪಿದ್ದರು. ಸ್ಥಿರವಾಗಿರುವವರಿಗೆ ಅದನ್ನೇ ಮುಂದುವರಿಸಬೇಕು. ಕಾನೂನಿನ ಹೋರಾಟ ಜೊತೆಜೊತೆಗೆ ನಡೆಯಲಿ. 27ನೇ ಕಲಮಿನ ಹೆದರಿಕೆ ಇರುವ ತನಕ ಎಷ್ಟೋ ಜನ ಕೇಂದ್ರದ ಮೆಟ್ಟಿಲು ಹತ್ತುವುದಿಲ್ಲ.

ಮನೆಯಲ್ಲಿ ಯಾರಾದರೂ ಚುಚ್ಚಿಕೊಳ್ಳುತ್ತಿದ್ದರೆ 14446ಕ್ಕೆ ಫೋನ್ ಮಾಡಿ, ಅದು ನಶೆ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ಹತ್ತಿರದ ಓಎಸ್‌ಟಿ ಕೇಂದ್ರ, ಎಚ್‌ಐವಿ ಪರೀಕ್ಷೆಗೆ ನ್ಯಾಕೋದ 1097. ಹೆಪಟೈಟಿಸ್ ಸಿ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ ಮಾಡಿಸಿ. ಅದಕ್ಕೆ ಈಗ ಸರ್ಕಾರದ ಯೋಜನೆಯಲ್ಲಿ ಉಚಿತ ಮಾತ್ರೆ ಇದೆ, ಸಾಮಾನ್ಯವಾಗಿ ಮೂರು ತಿಂಗಳಲ್ಲಿ ವಾಸಿಯಾಗುತ್ತದೆ. ನೀವು ಮೆಡಿಕಲ್ ಶಾಪ್ ನಡೆಸುವವರಾದರೆ ಇವೆರಡು ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೌಂಟರ್ ಹತ್ತಿರ ಇಟ್ಟುಕೊಳ್ಳಿ. ತುಂಬು ತೋಳಿನ ಶರ್ಟಿನ ಹುಡುಗ ಸಿರಿಂಜ್ ಕೇಳಿದಾಗ, ಸಿರಿಂಜ್ ಜೊತೆ ಆ ಚೀಟಿಯನ್ನೂ ಕೈಗೆ ಕೊಡಿ.